ಕೇಳಿಸದ ಇಂಗ್ಲಿಷ್

“ಅಂದ್ರೆ ನಮ್ಮಕ್ಕಂಗೆ ಬಾಯೇ ಇಲ್ಲ ಅಂತೀರಾ?”

ಪರೀಕ್ಷಾ ಕೇಂದ್ರದ ಕೌಂಟರಿನ ಅಂಚು ಹಿಡಿದು, ತುದಿಗಾಲಲ್ಲಿ ನಿಂತು ಕೇಳಿದಳು ಪಟಾಕಿ. ಮನೆಯವರು ಅವಳಿಗೆ ಆ ಹೆಸರನ್ನು ಸುಮ್ಮನೆ ಇಟ್ಟಿರಲಿಲ್ಲ. ಒಳಗಿದ್ದ ಗುಮಾಸ್ತ ತಲೆಯನ್ನೂ ಎತ್ತದೆ, ಕಂಪ್ಯೂಟರ್ ಕೊಟ್ಟಿದ್ದೇ ಮಾರ್ಕ್ಸು, ಬೇಕಾದರೆ ಮುಂದಿನ ತಿಂಗಳು ಮತ್ತೆ ಪರೀಕ್ಷೆಗೆ ಕೂರಲಿ ಎಂದ.

ಅಕ್ಕನಿಗೆ ದನ, ನಾಯಿಗಳ ಡಾಕ್ಟರ್ ಆಗುವ ಆಸೆ. ಅದಕ್ಕೆ ಯೂನಿವರ್ಸಿಟಿ ಸೇರಬೇಕು, ಸೇರಲು ಇಂಗ್ಲಿಷ್ ಪ್ರವೇಶ ಪರೀಕ್ಷೆ ಪಾಸಾಗಬೇಕು. ಓದುವುದು, ಬರೆಯುವುದು ಎರಡರಲ್ಲೂ ಅವಳಿಗೆ ಒಳ್ಳೆಯ ಮಾರ್ಕ್ಸ್ ಬಂದಿತ್ತು. ಮೈಕಿನಲ್ಲಿ ಮಾತಾಡುವ ಭಾಗಕ್ಕೆ ಮಾತ್ರ ಸೊನ್ನೆ. ಧ್ವನಿ ಕೇಳಿಸಲಿಲ್ಲ ಎಂದು ಕಂಪ್ಯೂಟರ್ ಕಾರಣ ಕೊಟ್ಟಿತ್ತು.

ದಾರಿಯುದ್ದಕ್ಕೂ ಪಟಾಕಿ ಸಿಡಿಯುತ್ತಲೇ ಇದ್ದಳು. ಎಂಥ ಅನ್ಯಾಯ! ಕಿವುಡು ಡಬ್ಬದ ಕೈಗೆ ಯಾರಾದರೂ ಪರೀಕ್ಷೆ ಕೊಡುತ್ತಾರಾ? ಅಕ್ಕ ತಪ್ಪು ಹೇಳಿದ್ದರೆ ಸರಿ, ಫೇಲ್ ಮಾಡಲಿ. ಕೇಳಿಸಿಕೊಳ್ಳದೆಯೇ ಸೊನ್ನೆ ಸುತ್ತುವುದಾ? ಅಕ್ಕ ಮಾರ್ಕ್ಸ್ ಹಾಳೆಯನ್ನು ಮಡಚುತ್ತ ಪಕ್ಕದಲ್ಲಿ ನಡೆದಳು.

ಮನೆ ಬಾಗಿಲು ಬಂದದ್ದೇ ತಡ, ಪಟಾಕಿ ಠುಸ್ಸಾದಳು. ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋದಳು. ಅಪ್ಪ ರಾತ್ರಿಯಿಡೀ ಬೇಕರಿಯಲ್ಲಿ ಬ್ರೆಡ್ ಬೇಯಿಸಿ, ಹಗಲು ಮಲಗುವವರು. ಇರುವುದು ಒಂದೇ ಕೋಣೆ. ಅಲ್ಲಿ ಜಗಳವೂ ಪಿಸುದನಿಯಲ್ಲೇ ನಡೆಯಬೇಕು. ನಗು ಬಂದರೆ ದಿಂಬು ಕಚ್ಚಿಕೊಳ್ಳಬೇಕು.

ಏನಾಯಿತೆಂದು ಅಮ್ಮ ಹುಬ್ಬಿನಲ್ಲೇ ಕೇಳಿದಳು. ಅಕ್ಕ ಹೇಳತೊಡಗಿದಳು. ಕೇಳಿಸಿಕೊಳ್ಳಲು ಪಟಾಕಿ ಅವಳ ಬಾಯಿಯ ಹತ್ತಿರವೇ ಕಿವಿ ತರಬೇಕಾಯಿತು.

ಆಗಲೇ ಪಟಾಕಿಗೆ ಕಾರಣ ಹೊಳೆಯಿತು. ವರ್ಷವಿಡೀ ಅಕ್ಕ ಇದೇ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ಇಂಗ್ಲಿಷ್ ಮಾತು ಕಲಿತಿದ್ದಳು. ದನಿ ಚೂರು ಏರಿದರೆ ಸಾಕು, “ಶ್! ಅಪ್ಪ ಮಲಗಿದಾರೆ” ಎಂದು ತುಟಿಗೆ ಬೆರಳಿಟ್ಟು ಗದರುತ್ತಿದ್ದವಳು ಪಟಾಕಿಯೇ.

“ಅದೇನು ಇಂಗ್ಲಿಷು, ನಂಗೂ ಹೇಳು ಮಗಳೇ,” ಎಂದಿತು ಹೊದಿಕೆಯೊಳಗಿನ ದನಿ. ಅಪ್ಪ ಯಾವಾಗ ಎದ್ದರೋ, ಎಲ್ಲ ಕೇಳಿಸಿಕೊಂಡಿದ್ದರು.

ಅಕ್ಕ ಅಂಜುತ್ತ ಒಂದು ವಾಕ್ಯ ಹೇಳಿದಳು.

“ಕೇಳಿಸ್ಲಿಲ್ಲ.”

ಮತ್ತೆ ಹೇಳಿದಳು.

“ಊಹೂಂ. ಇನ್ನೂ ಜೋರಾಗಿ.”

ಅಕ್ಕ ಗಂಟಲು ಬಿಚ್ಚಿದಳು. ಗೋಡೆಯ ಆಚೆಗೂ ಕೇಳುವ ಹಾಗೆ ಇಂಗ್ಲಿಷ್ ಹೊರಬಂತು. ಅಭ್ಯಾಸಬಲದಿಂದ ಪಟಾಕಿಯ ಬೆರಳು ತುಟಿಯ ಕಡೆಗೆ ಹೊರಟಿತು.

ಅವಳು ಆ ಕೈಯನ್ನು ತೊಡೆಯ ಕೆಳಗಿಟ್ಟು, ಅದರ ಮೇಲೆ ಗಟ್ಟಿಯಾಗಿ ಕುಳಿತಳು.