ಗಾಳಿ ಕಮ್ಮಿ ಇದ್ದ ಗಾಡಿ

ಹುಮನಾಬಾದಿನ ತನ್ನ ಗ್ಯಾರೇಜಿನಲ್ಲಿ ಅಂಬರೀಷ ಚಹಾ ಕುಡಿಯುತ್ತಿದ್ದಾಗ ಆಟೋದಿಂದ ಒಬ್ಬ ಹುಡುಗಿ ಇಳಿದಳು. ಎಡಗೈ ಮಣಿಕಟ್ಟಿಗೆ ಬ್ಯಾಂಡೇಜು. ಪ್ಯಾಂಟಿನ ತುಂಬ ಒಣಗಿದ ಕರಿ ಕೆಸರು. ನೆಟ್ಟಗೆ ಅವನ ಮುಂದೆ ಬಂದು ನಿಂತಳು.

"ಮೊನ್ನೆ ಮುಡಬಿಯಿಂದ ನಮ್ಮ ದವಾಖಾನಿಯ ಬಕ್ಕಪ್ಪ ಅನ್ನೋರು ಸರ್ವಿಸಿಗಿ ಒಂದು ಗಾಡಿ ತಂದಿದ್ರಲ್ಲ, ಅದು ನಂದು. ಅದಕ್ಕ ಏನೇನು ಮಾಡೀರಿ, ಒಂದೊಂದೇ ಹೇಳ್ರಿ."

ಅಂಬರೀಷನಿಗೆ ಆ ಗಾಡಿ ಚೆನ್ನಾಗಿ ನೆನಪಿತ್ತು. ಎತ್ತರದ ಬೈಕು, ಮುಳ್ಳು ಟೈರಿನದು. ಅರ್ಧ ದಿನ ಅದರ ಕೆಲಸಕ್ಕೆ ಪ್ರೀತಿಯಿಂದ ಕೂತಿದ್ದ. ಹೆಮ್ಮೆಯಿಂದಲೇ ಹೇಳಿದ. "ಟೈರಿನಾಗ ಗಾಳಿ ಅರ್ಧಕ್ಕರ್ಧ ಇದ್ದಿಲ್ಲ, ತುಂಬಿಸೀನಿ. ಬ್ರೇಕ್, ಕ್ಲಚ್ ಲಿವರ್ ಕೆಳಗ ಜೋತು ಬಿದ್ದಿದ್ವು, ಸಡ್ಲ ಬ್ಯಾರೆ. ಮ್ಯಾಲ ಎತ್ತಿ ಬಿಗಿ ಮಾಡೀನಿ. ಕಾಲಿಡೋ ಜಾಗದಾಗ ಕಬ್ಬಿಣದ ಹಲ್ಲು ಇದ್ವು, ಅದಕ್ಕ ಮೆತ್ತನ್ನ ರಬ್ಬರ್ ಹಾಕೀನಿ."

"ಎಲ್ಲಾ ನಾನೇ ಬೇಕಂತ ಹಂಗ ಇಟ್ಟಿದ್ದೆ," ಎಂದಳು ಅವಳು, ದನಿ ಏರಿಸದೆ. "ಹೈವೇದಾಗ ನೀವು ಕುಂತು ಓಡಸ್ತೀರಿ. ಹೊಲದ ದಾರ್ಯಾಗ ನಿಂತು ಓಡಸಬೇಕು. ನಿಂತಾಗ ಕೈಗಿ ಸಿಗಲಿ ಅಂತ ಲಿವರ್ ಕೆಳಗಿದ್ವು. ಸಡ್ಲ ಇದ್ರ ಬಿದ್ದಾಗ ತಿರುಗ್ತಾವ, ಮುರಿಯಂಗಿಲ್ಲ. ಗಾಳಿ ಕಮ್ಮಿ ಇದ್ರ ಟೈರು ಮಣ್ಣ ಹಿಡೀತದ. ನಿಮ್ಮ ರಬ್ಬರಿನ ಮ್ಯಾಲ ಕೆಸರಗಾಲು ಜಾರಿ ಮೋರಖಂಡಿ ಹಳ್ಳದಾಗ ಬಿದ್ದೆ."

ಅಂಬರೀಷನ ಕೈಯಲ್ಲಿ ಚಹಾ ಆರಿತು.

ಅವಳ ಹೆಸರು ವಿದ್ಯಾವತಿ, ದನದ ಡಾಕ್ಟರು. ಮುಡಬಿಯ ಸುತ್ತ ಇಪ್ಪತ್ತು ಹಳ್ಳಿಗಳ ಎಮ್ಮೆ, ಎತ್ತು, ಆಡುಗಳೆಲ್ಲ ಅವಳ ಪಾಲಿಗೆ. "ಹದಿನೈದು ದಿನ ಕ್ಲಚ್ ಹಿಡಿಬ್ಯಾಡ ಅಂದಾರ," ಎಂದಳು. "ನನ್ನ ದನಗಳು ಅಷ್ಟು ದಿನ ಕಾಯ್ತಾವೇನ್ರಿ?"

"ನಾ ಬರ್ತೀನ್ರಿ." ಬಾಯಿಂದ ಬಿದ್ದ ಮೇಲೆ ತಾನು ಏನೆಂದೆ ಎಂದು ಅವನಿಗೆ ತಿಳಿಯಿತು. "ದಿನಾ ಮುಂಜಾನೆ. ನಿಮ್ಮ ಗಾಡಿ ನಾ ಓಡಸ್ತೀನಿ."

"ಓಡ್ಸಾಕ ಬರ್ತದೇನು?"

"ಹದಿಮೂರು ವರ್ಷದಿಂದ ಓಡಸಾಕತ್ತೇನಿ."

"ಡಾಂಬರಿನ ಮ್ಯಾಲ," ಎಂದಳು ವಿದ್ಯಾವತಿ. ಆಗ ಮೊದಲ ಸಲ ಅವಳ ತುಟಿಯ ಕೊನೆ ಸಣ್ಣಗೆ ಅಲುಗಿತು. ಅವಳು ಹೋದ ಮೇಲೂ ಅವನಿಗೆ ಅದೇ ಕಾಣುತ್ತಿತ್ತು.

ಮರುದಿನ ಮುಡಬಿಗೆ ಹೋಗಿ, ಅವಳು ಹೇಳಿದಂತೆ ಗಾಡಿಯನ್ನು ಮೊದಲಿನ ಹಾಗೆ ಮಾಡಿದ. ಆಮೇಲೆ ಅವಳ ಎದುರೇ, ತೊಗರಿ ಹೊಲದ ಪಕ್ಕದ ದಾರಿಯಲ್ಲಿ, ನೂರು ಹೆಜ್ಜೆ ಹೋಗುವುದರೊಳಗೆ ಬಿದ್ದ. ಎದ್ದ. ಮತ್ತೆ ಬಿದ್ದ. ವಿದ್ಯಾವತಿ ಬದುವಿನ ಮೇಲೆ ಕೂತು ನಗು ತಡೆಯಲು ದುಪಟ್ಟಾ ಬಾಯಿಗೆ ಹಿಡಿದಿದ್ದಳು. ಕಣ್ಣು ಮಾತ್ರ ಹೊರಗಿದ್ದವು, ಅವು ನಗುತ್ತಲೇ ಇದ್ದವು.

"ಮುಂದಿನ ಬ್ರೇಕ್ ಯಾಕ ಒತ್ತತೀರಿ? ಕೆಸರಿನಾಗ ಅದನ್ನ ಒತ್ತಿದ್ರ ಮುಂದಿನ ಗಾಲಿ ಜಾರ್ತದ."

"ಹೈವೇದಾಗ ಅದೇ ನಮ್ಮ ಪ್ರಾಣ ಉಳಸ್ತದ್ರಿ."

"ಇಲ್ಲಿ ಹಿಂದಿಂದು. ಮತ್ತ ಹ್ಯಾಂಡಲ್ ಅಷ್ಟು ಗಟ್ಟಿ ಹಿಡಿಬ್ಯಾಡ್ರಿ. ಗಾಡಿ ಜರಾ ಅತ್ತಿತ್ತ ಹೋಗ್ತದ, ಹೋಗಲಿ. ಗಾಲಿ ನೋಡಬ್ಯಾಡ್ರಿ, ದೂರ ನೋಡ್ರಿ."

ಅವನಿಗೆ ದೂರ ನೋಡುವುದೇ ಕಷ್ಟವಾಗಿತ್ತು. ನೋಡಬೇಕೆನಿಸುವುದು ಬದುವಿನ ಮೇಲೇ ಇತ್ತು.

ದಿನಗಳು ಹೀಗೆ ಹೋದವು. ಅವನು ಓಡಿಸುವನು, ಅವಳು ಔಷಧದ ಚೀಲ ಹಿಡಿದು ಹಿಂದೆ. ದಾರಿಯಲ್ಲಿ ಹಳ್ಳಿಯವರು ಕೈ ಎತ್ತಿದರೆ ಅವಳು ಹೆಸರು ಹಿಡಿದು ಅವರ ದನದ ಕ್ಷೇಮ ಕೇಳುವಳು. ಒಂದು ಮುಂಜಾನೆ ಅವನ ಭುಜದ ಮೇಲೆ ಕೈ ಇಟ್ಟು ಕೂತವಳು, ಸಮ ದಾರಿ ಬಂದ ಮೇಲೂ ಕೈ ತೆಗೆಯಲು ಮರೆತಳು. ಅವನು ನೆನಪಿಸಲಿಲ್ಲ.

ಹನ್ನೆರಡನೆಯ ದಿನ ಮೋರಖಂಡಿಯ ತುಳಜಾಬಾಯಿಯ ಫೋನು ಬಂತು. ಎಮ್ಮೆ ನಸುಕಿನಿಂದ ನೋವು ತಿನ್ನುತ್ತಿದೆ, ಕರು ಹೊರಗೆ ಬರುತ್ತಿಲ್ಲ. ರಾತ್ರಿಯೆಲ್ಲ ಮಳೆ ಸುರಿದಿತ್ತು. ಹಳ್ಳದಲ್ಲಿ ಮೊಣಕಾಲ ಮಟ್ಟ ರಾಡಿ ನೀರು, ತಳದಲ್ಲಿ ಉರುಟು ಕಲ್ಲು.

"ಇಳೀರಿ, ನಾ ಮೊದಲ ದಾಟಸ್ತೀನಿ," ಎಂದ ಅಂಬರೀಷ.

"ತಡಾ ಆಗ್ತದ. ನಡೀರಿ."

"ಬಿದ್ರ?"

"ನಿಮ್ಮ ಮ್ಯಾಲ ಭರೋಸಾ ಇಲ್ಲದಿದ್ರ ಹತ್ತತಿದ್ದಿಲ್ಲ."

ಅವನು ಎದ್ದು ನಿಂತ. ಅವಳೂ ಅವನ ಭುಜ ಹಿಡಿದು ನಿಂತಳು. ಗಾಡಿ ಕಲ್ಲಿನ ಮೇಲೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಆಚೆ ದಡದ ಜಾಲಿ ಗಿಡದ ಮೇಲೆ ಕಣ್ಣಿಟ್ಟು ಅವನು ಸಾವಕಾಶ ದಾಟಿದ.

ಕೊಟ್ಟಿಗೆಯಲ್ಲಿ ಕರುವಿನ ಒಂದು ಮುಂಗಾಲು ಒಳಗೇ ಮಡಚಿಕೊಂಡಿತ್ತು. ವಿದ್ಯಾವತಿ ಬಲಗೈಯನ್ನು ಭುಜದವರೆಗೆ ಒಳಗಿಟ್ಟು, ಕಣ್ಣು ಮುಚ್ಚಿ, ಬೆರಳಿನಿಂದಲೇ ನೋಡುವವಳಂತೆ ಹುಡುಕಿದಳು. ಎಮ್ಮೆಗೆ ಮೆಲ್ಲಗೆ ಏನೋ ಹೇಳುತ್ತಲೇ ಇದ್ದಳು. ಕಾಲು ನೆಟ್ಟಗಾಯಿತು. ಎರಡೂ ಮುಂಗಾಲಿಗೆ ಹಗ್ಗ ಬಿಗಿದಳು. "ಈಗ ಹಗ್ಗ ಎಳೀರಿ. ಅದು ಮುಕ್ಕರಿದಾಗ ಮಾತ್ರ." ಅಂಬರೀಷ ಎಳೆದ. ಕರು ಹುಲ್ಲಿನ ಮೇಲೆ ಜಾರಿ ಬಿತ್ತು, ಸುಮ್ಮನಿತ್ತು. ಅವಳು ಅದರ ಮೂಗು ಒರೆಸಿ, ಎದೆ ತಿಕ್ಕಿದಳು, ತಿಕ್ಕಿದಳು. ಕೊನೆಗೆ ಅದು ಸೀನಿತು.

ತುಳಜಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿದ್ಯಾವತಿ ಹಣೆಗಂಟಿದ ಕೂದಲನ್ನು ತೋಳಿನಿಂದ ಸರಿಸುತ್ತ ಅವನ ಕಡೆ ನೋಡಿ ನಕ್ಕಳು. ಇನ್ನು ತನಗೆ ಬೇರೆ ದಾರಿಯಿಲ್ಲ ಎಂದು ಅಂಬರೀಷನಿಗೆ ಆ ಕ್ಷಣ ಗೊತ್ತಾಯಿತು.

ಬ್ಯಾಂಡೇಜು ಬಿಚ್ಚಿದ ಮೇಲಿನ ರವಿವಾರ ಅವಳೇ ಫೋನು ಮಾಡಿದಳು. "ಒಂದು ಮಾತು, ನಗಬ್ಯಾಡ್ರಿ. ನನಗ ಹೈವೇ ಅಂದ್ರ ಅಂಜಿಕಿ. ಮೀಟಿಂಗಿಗಿ ಬಸ್ಸಿನಾಗೇ ಹೋಗ್ತೀನಿ. ಕಲಸ್ತೀರೇನು?"

ಅವನು ನಗಲಿಲ್ಲ. ಅಂದೇ ಬಸವಕಲ್ಯಾಣದ ಪಂಪಿನಲ್ಲಿ, ಈ ಸಲ ಅವಳನ್ನು ಕೇಳಿಯೇ, ಟೈರಿಗೆ ಗಾಳಿ ತುಂಬಿಸಿದ. "ಮುಳ್ಳು ಟೈರು ಡಾಂಬರಿನ ಮ್ಯಾಲ ಗುಂಯ್ ಅಂತಾವ, ಅಂಜಬ್ಯಾಡ್ರಿ. ತಿರುವಿನಾಗ ಸಾವಕಾಶ. ಕಲ್ಲಿಗಿಂತ ಮಂದಿನ್ನ ನೋಡ್ರಿ ಇಲ್ಲಿ. ಲಾರಿ ದಾಟಿದಾಗ ಗಾಳಿ ಎಳೀತದ, ಜರಾ ತಗ್ಗಿ ಕೂಡ್ರಿ. ನಾ ಹಿಂದ ಇರ್ತೀನಿ."

ಕೆಸರಿನಲ್ಲಿ ಕುಣಿಯುವವಳು ಹೈವೇ ಅಂಚಿಗೆ ಅಂಟಿಕೊಂಡು ನಲವತ್ತರ ವೇಗದಲ್ಲಿ ಹೋದಳು. ಅವನು ತನ್ನ ಗಾಡಿಯನ್ನು ಅವಳ ಹಿಂದೆ ಅಡ್ಡ ಹಿಡಿದಂತೆ ಇಟ್ಟುಕೊಂಡು ಬಂದ. ಹಾರ್ನು ಹೊಡೆದ ಲಾರಿಗಳೆಲ್ಲ ಅವನನ್ನು ಬೈದು ದಾಟಿದವು. ಅರ್ಧ ದಾರಿಯಲ್ಲಿ ಅವಳ ಬೆನ್ನು ಸಡಿಲಾಯಿತು, ವೇಗ ಅರವತ್ತಾಯಿತು.

ಹುಮನಾಬಾದ್ ಹತ್ತಿರದ ಧಾಬಾದಲ್ಲಿ ಚಹಾಕ್ಕೆ ನಿಂತರು.

"ಡಾಕ್ಟರ್ರ," ಎಂದ ಅವನು, ಕಪ್ಪು ನೋಡುತ್ತ. "ಹದಿನೈದು ದಿನ ಮುಗದಾವ. ನಾಳೆ ಮುಂಜಾನೆ ಎದ್ದು ಎಲ್ಲಿಗಿ ಹೋಗಬೇಕು ಅಂತ ನನಗ ತಿಳಿವಲ್ದು."

"ಗ್ಯಾರೇಜಿಗಿ ಹೋಗ್ರಿ."

"ಮನಸ್ಸಿಲ್ಲ. ನನಗ ನೀವು ಬೇಕು."

ಅವಳು ಕಪ್ಪನ್ನು ಮೇಜಿನ ಮೇಲಿಟ್ಟಳು. ಕಿವಿ ಕೆಂಪಾಗಿದ್ದವು. "ಮದುವಿ ಆದ ಮ್ಯಾಲ ಗಾಡಿ ಬಿಡಬೇಕು ಅಂದವರನ್ನ, ಮೂರು ಮಂದಿನ್ನ ವಾಪಸ್ ಕಳಿಸೀನಿ," ಎಂದಳು.

"ನಾ ಮೆಕಾನಿಕ್ ಇದ್ದೀನ್ರಿ. ಗಾಡಿ ಬಿಡ್ರಿ ಅಂತ ಹೇಳಿದ್ರ ನನ್ನ ಧಂದಾ ನಡಿಯಂಗಿಲ್ಲ." ಆಮೇಲೆ ನಗು ಬಿಟ್ಟು ಹೇಳಿದ. "ಆ ಕೊಟ್ಟಗ್ಯಾಗ ನಿಮ್ಮನ್ನ ನೋಡೀನಿ. ಅದನ್ನ ಬಿಡ್ರಿ ಅನ್ನಾಕ ನನ್ನ ಬಾಯಿ ಏಳಂಗಿಲ್ಲ."

ವಿದ್ಯಾವತಿ ಈಗ ನೆಟ್ಟಗೆ ಅವನನ್ನೇ ನೋಡಿದಳು. "ಬುಧವಾರ ನಮ್ಮಪ್ಪ ಮನ್ಯಾಗ ಇರ್ತಾರ. ನಾ ಮೊದಲೇ ಹೇಳಿ ಇಡ್ತೀನಿ. ನಿಮ್ಮವ್ವನ್ನ ಕರ್ಕೊಂಡು ಬರ್ರಿ."

"ಯಾವ ಗಾಡೀ ಮ್ಯಾಲ ಬರಲ್ರಿ?"

"ಅವ್ವನ್ನ ಕರ್ಕೊಂಡು ಬರಾಕ ಗಾಡಿ ಯಾಕ? ಸುಮ್ಮನ ಬಸ್ಸಿಗಿ ಬರ್ರಿ."

ಅವನು ನಕ್ಕ. ಅವಳು ಮೇಜಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಎರಡನೆಯ ಚಹಾ ಬಂದು ಆರಿದರೂ ಇಬ್ಬರೂ ಕಪ್ಪು ಎತ್ತಲಿಲ್ಲ.