ಡಬ್ಬಿಂಗ್ ರೂಮಿನ ಗುಟುಕು

ಡಬ್ಬಿಂಗ್ ಸ್ಟುಡಿಯೋದಲ್ಲಿ ನಾಯಕಿಗೆ ದನಿ ಕೊಡುತ್ತಿದ್ದವಳು ನನ್ನಕ್ಕ. ನೀರು ಕುಡಿದರೂ ಅವಳ ಎದೆಯಲ್ಲಿ ಸಿಕ್ಕಿಕೊಂಡು ‘ಗಟಕ್’ ಎನ್ನುತ್ತಿತ್ತು. ರೆಕಾರ್ಡಿಂಗಿನಿಂದ ಆ ಸದ್ದು ಕತ್ತರಿಸುವುದು ನನ್ನ ಕೆಲಸ.

“ಏನಮ್ಮಾ, ಸಾಯೋ ಸೀನು ಹೀರೋಯಿನ್‌ದು, ನಿಂದಲ್ಲ. ನಾಟಕ ಸಾಕು,” ಎನ್ನುತ್ತಿದ್ದರು ಓನರ್.

“ನಾಟಕ ಆಗಿದ್ರೆ ಅವಾರ್ಡಾದ್ರೂ ಬರ್ತಿತ್ತು ಸಾರ್.”

ಹೃದಯದ ಹತ್ತಿರದ ರಕ್ತನಾಳವೊಂದು ದಾರಿತಪ್ಪಿ ಅನ್ನನಾಳವನ್ನು ಅಮುಕುತ್ತಿದೆ ಎಂದು ಸ್ಕ್ಯಾನ್ ತೋರಿಸುವಷ್ಟರಲ್ಲಿ ಅಕ್ಕ ಕಡ್ಡಿಯಾಗಿದ್ದಳು. ಆಪರೇಷನ್ನಿನಿಂದ ಏಳಲೇ ಇಲ್ಲ.

ಹೋದ ವಾರ ಮಧ್ಯಾಹ್ನ ಖಾಲಿ ರೂಮಿನ ಮೈಕ್ ಆನ್ ಮಾಡಿದೆ. ಹೆಡ್‌ಫೋನಿನಲ್ಲಿ ಯಾರೋ ಸಲೀಸಾಗಿ, ಎಲ್ಲೂ ತಡೆಯದೆ ನೀರು ಕುಡಿಯುತ್ತಿದ್ದರು. ಗಾಜಿನಾಚೆ, ಅವಳು ಹೋದಾಗಿನಿಂದ ತುಂಬಿಯೇ ಇದ್ದ ಅಕ್ಕನ ನೀರಿನ ಬಾಟಲಿ ಅರ್ಧವಾಗಿತ್ತು.

ಹೊರಗೆ ಊಟಕ್ಕೆ ಕೂತಿದ್ದ ಓನರ್ ಎದೆ ಹಿಡಿದುಕೊಂಡರು. “ಏನೋ ಸಿಕ್ಕೊಂಡಿದೆ ಕಣೋ!”

“ನಾಟಕ ಸಾಕು ಸಾರ್,” ಎಂದೆ.

ಅವರ ಸ್ಕ್ಯಾನಿನಲ್ಲಿ ಎಲ್ಲವೂ ಸರಿಯಿದೆಯಂತೆ. ನೀರು ಮಾತ್ರ ಇನ್ನೂ ಇಳಿಯುತ್ತಿಲ್ಲ.