ಗಂಟು ಹಾಕಬಾರದ ದಾರ

ಅರಸೀಕೆರೆಯ ಶಿಬಿರದಲ್ಲಿ ಡಾಕ್ಟರ್ ಶರತ್ಚಂದ್ರನಿಗೂ ಲ್ಯಾಬ್ ಟೆಕ್ನೀಷಿಯನ್ ಮಾಲಿನಿಗೂ ನಡುವೆ ಒಂದು ಹಸಿರು ಪರದೆ ಇತ್ತು. ತಮಿಳುನಾಡಿನ ಸಿದ್ಧ ವೈದ್ಯಪದ್ಧತಿ ಕಲಿತು ಬಂದಿದ್ದ ಅವನು ರೋಗಿಯ ಮಣಿಕಟ್ಟಿಗೆ ದಾರ ಸುತ್ತಿ, ಆ ದಾರವನ್ನು ರೋಗಿಯ ಬೆರಳುಗಳ ಮೇಲೇ ಇಟ್ಟು ಅಳೆದು, ಸಕ್ಕರೆ ಕಾಯಿಲೆ ಉಂಟೋ ಇಲ್ಲವೋ ಹೇಳಬೇಕು. ಅವಳು ಅದೇ ರೋಗಿಯ ರಕ್ತ ತೆಗೆದು ನಿಜ ಹೇಳಬೇಕು. ಎರಡೂ ತಾಳೆಯಾಗುತ್ತವೋ ಇಲ್ಲವೋ ಎಂಬುದೇ ಸಂಶೋಧನೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ಸೋರಬಾರದೆಂದು, ಪರೀಕ್ಷೆ ಮುಗಿಯುವವರೆಗೆ ಇಬ್ಬರೂ ಪರಸ್ಪರ ಮಾತಾಡಕೂಡದು ಎಂದು ನಿಯಮ.

ಕೇಳಿಸಿಕೊಳ್ಳುವುದಕ್ಕೆ ತಡೆಯಿರಲಿಲ್ಲ. ಸೂಜಿಗೆ ಹೆದರುವ ಕೊಬ್ಬರಿ ಮಂಡಿ ಸಾಹುಕಾರರನ್ನು ಅವಳು ಮಗುವಿನಂತೆ ರಮಿಸುವುದನ್ನು ಕೇಳುತ್ತ ಅವನು ಅಳತೆ ತಪ್ಪಿ ಮತ್ತೆ ಅಳೆಯುತ್ತಿದ್ದ. ಪರದೆಯ ಕೆಳಗೆ ಕಾಣುತ್ತಿದ್ದ ಅವಳ ನೀಲಿ ಚಪ್ಪಲಿಗಳ ಬಗ್ಗೆ ಅವನಿಗೆ ಯಾವ ರೋಗಕ್ಕಿಂತಲೂ ಹೆಚ್ಚು ತಿಳಿವಳಿಕೆ ಬಂದಿತ್ತು.

ಕೊನೆಯ ದಿನ. ಸಂಜೆಯ ಬಸ್ಸಿಗೆ ಅವಳು ಬೇಲೂರಿಗೆ ಹೊರಟರೆ ಮತ್ತೆ ಈ ಕಡೆ ಬರಲು ಕಾರಣವೇ ಇಲ್ಲ. ಹೋಲಿಕೆಗೆಂದು ಆರೋಗ್ಯವಂತರೊಬ್ಬರು ಇನ್ನೂ ಬೇಕಿತ್ತು. ಯಾರೆಂದು ಡಾಕ್ಟರಿಗೆ ತಿಳಿಯಬಾರದೆಂದು ಪರದೆಯ ಸಂದಿನಿಂದ ಕೈ ಮಾತ್ರ ಬಂತು. ಸ್ಪಿರಿಟ್ ವಾಸನೆ. ಕೆಳಗೆ ನೀಲಿ ಚಪ್ಪಲಿ.

ಶರತ್ಚಂದ್ರ ದಾರ ಸುತ್ತಿದ. ಗುರುತು ಮಾಡಿಕೊಂಡು ತೆಗೆಯಬೇಕಿತ್ತು. ಅವನ ಕೈ ಅದನ್ನು ಮರೆತು, ನಿಧಾನವಾಗಿ, ಅಚ್ಚುಕಟ್ಟಾಗಿ ಗಂಟು ಹಾಕಿತು.

ಸರದಿಯಲ್ಲಿ ಕೂತಿದ್ದ ಕಾಂತಮ್ಮ ಊರಿನ ಅರ್ಧ ಸಂಬಂಧಗಳನ್ನು ಕುದುರಿಸಿದವರು. ಕನ್ನಡಕ ಸರಿಮಾಡಿಕೊಂಡು ನೋಡಿದರು. "ಏನಪ್ಪಾ ಡಾಕ್ಟ್ರೇ, ಕಂಕಣ ಕಟ್ಬಿಟ್ಯಲ್ಲ. ಇನ್ನು ಮದ್ವೆ ಆಗೋವರ್ಗೂ ಬಿಚ್ಚಂಗಿಲ್ಲ ಕಣಪ್ಪ."

ಅವನು ಕತ್ತರಿಗೆ ತಡಕಾಡಿದ. ಪರದೆ ಸರಿಯಿತು. ಮಾಲಿನಿ ನಡುಗುತ್ತಿದ್ದ ಅವನ ಕೈಯನ್ನೇ ಹಿಡಿದು, ಬೆರಳಿಗೆ ಚುಚ್ಚಿ, ಒಂದು ಹನಿಯನ್ನು ಗ್ಲುಕೋಮೀಟರಿಗೆ ಕೊಟ್ಟು ಕಾದಳು. ಸಕ್ಕರೆ ಇಳಿದರೂ ಕೈ ನಡುಗುವುದುಂಟು. ಮೊದಲು ಆ ಅನುಮಾನ ಪರಿಹಾರವಾಗಬೇಕಲ್ಲ.

"ಷುಗರ್ ಸರಿಯಾಗೇ ಇದೆ. ಮತ್ತೆ ನಡುಕ ಯಾಕೆ?"

"ನೀವು ಸಂಜೆ ಬಸ್ಸಿಗೆ ಹೋಗ್ತಿದೀರಲ್ಲ, ಅದಕ್ಕೆ." ಆಮೇಲೆ ಅವನಲ್ಲಿದ್ದ ಸಂಶೋಧಕ ಎಚ್ಚೆತ್ತ. "ನಿಮ್ಮ ಅಳತೆ ಲೆಕ್ಕಕ್ಕೆ ಬರಲ್ಲ. ಕೈ ಯಾರದು ಅಂತ ನನಗೆ ಗೊತ್ತಾಗಿತ್ತು."

"ಗೊತ್ತಾಗ್ಲಿ ಅಂತಾನೇ ದಿನಾ ಇದೇ ಚಪ್ಪಲಿ ಹಾಕ್ಕೊಂಡು ಬರ್ತಿದ್ದೆ."

ಕಾಂತಮ್ಮ ತಮ್ಮ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಟ್ಟು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಬೇಲೂರಿಗೆ ಬಂದು ನಿಮ್ಮ ತಂದೆಯವರನ್ನು ಕಾಣಬಹುದೇ ಎಂದು ಅವನು ಕೇಳಿದ. ಅವಳು ಮಣಿಕಟ್ಟಿನ ಗಂಟನ್ನು ಒಮ್ಮೆ ಎಳೆದು ನೋಡಿದಳು. ಗಟ್ಟಿಯಾಗಿಯೇ ಇತ್ತು.

"ಭಾನುವಾರ ಬನ್ನಿ," ಎಂದಳು. "ಕತ್ತರಿ ಮಾತ್ರ ತರಬೇಡಿ."